ಬಾಟ್ಲಿ ಮಾಮ

ಬಾಟ್ಲಿ ಮಾಮ ಎಂದ ಕೂಡಲೇ ತಪ್ಪು ತಿಳಿಯಬೇಡಿ. ಅವರ ಬಾಟಲಿಯಲ್ಲಿರುವುದು ಬರೀ ಕೆರೆ ನೀರು. ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆಯ ಸುತ್ತಲಿನ ನೀರು, ಮಣ್ಣು, ಸೊಪ್ಪುಗಳಲ್ಲಿ ಪಾದರಸ ಎಷ್ಟು ಉಳಿದಿದೆಯೆಂದು ನೋಡುವುದು ಅವರ ನೌಕರಿ. ಹೊಸ ಅಳಿಯನಿಗೂ ಸಿಗದ ಉಪಚಾರ ಆ ಬಾಟಲಿಗೆ. ಅದನ್ನು ಹಿಡಿದವರ ಎರಡೂ ಕೈ ಬೇರೇನನ್ನೂ ಮುಟ್ಟುವಂತಿಲ್ಲ. ಕೆರೆಯ ಬದಿಯಲ್ಲಿ ಮಾಮನ ಮೂಗು ತುರಿಸಿದರೆ ಜೊತೆಗೆ ಬಂದ ಸಹಾಯಕಿಯೇ ಕೆರೆಯಬೇಕು. ಮಾಮನ ಹುಳುಕು ಹಲ್ಲಿಗೆ ತುಂಬಿಸಿದ ಬೆಳ್ಳಿ ಬಣ್ಣದ ಸಿಮೆಂಟಿನಲ್ಲೂ ಪಾದರಸವಿದೆ, ಉಸಿರು ತಾಗಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಬಾಟಲಿಯ ಬಾಯಿ ತೆರೆದಾಗ ಮಾಮ ತಮ್ಮದನ್ನು ತೆರೆಯುವುದಿಲ್ಲ. “ಮನೆಗೂ ಒಂದು ತನ್ನಿ, ದಿನವಿಡೀ ತೆರೆದಿಟ್ಟಿರ್ತೀನಿ” ಎಂಬುದು ಅವರ ಹೆಂಡತಿಯ ಬೇಡಿಕೆ. ದಡದ ಮನೆಯ ಅಜ್ಜಿಯದು ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ: “ಈ ಸಲನಾದ್ರೂ ಮೊಮ್ಮಕ್ಕಳಿಗೆ ಕೆರೆ ಮೀನು ಮಾಡಿ ಹಾಕ್ಲೇನಪ್ಪಾ?” “ಇನ್ನೂ ಬೇಡ ಅಜ್ಜಿ.” “ಕಣ್ಣಿಗೇ ಕಾಣದ್ದಕ್ಕೆ ಇಷ್ಟು ಹೆದರ್ತೀಯಲ್ಲ, ಗಂಡಸಾ ನೀನು!” ಮೊನ್ನೆ ಈ ಮಾತಿಗೆ ಮಾಮ ಮುಚ್ಚಳ ಬಿಗಿದು ದಡದಲ್ಲೇ ಕೂತುಬಿಟ್ಟರು. “ನಮ್ಮ ಮನೇಲಿ ಕಾಣ್ತಿತ್ತು ಅಜ್ಜಿ. ನಮ್ಮಪ್ಪ ಇದೇ ಕಾರ್ಖಾನೇಲಿದ್ರು. ಸಂಜೆ ಬರುವಾಗ ಒಂದು ಗುಂಡು ಪಾದರಸ ತರೋರು. ಅಂಗೈಯಲ್ಲಿಟ್ಟು ಕುಣಿಸೋರು, ನಾವು ಅಣ್ಣ ತಂಗಿಯರೆಲ್ಲ ಸುತ್ತ ಕೂತು ಚಪ್ಪಾಳೆ ತಟ್ಟೋದು. ಅಷ್ಟು ಚೆಂದದ ಆಟ ಆಮೇಲೆ ಒಂದೂ ಸಿಗಲಿಲ್ಲ.” ಬಾಟಲಿಯನ್ನು ಚೀಲಕ್ಕಿಳಿಸಿ ಮಾಮ ಮುಂದುವರಿಸಿದರು: “ಅವರು ಕುಣಿಸ್ತಾ ಇರಲಿಲ್ಲ, ಪಾದರಸದ ವಿಷಕ್ಕೆ ಅವರ ಕೈ ನಡುಗ್ತಾ ಇತ್ತು. ನಂಗದು ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ.” ಅಜ್ಜಿ ಎದ್ದು ಹೋಗಿ, ತಾವೇ ಮಾಮನ ಕಣ್ಣು ತಪ್ಪಿಸಿ ನೀರಿಗೆ ಬಿಟ್ಟಿದ್ದ ಗಾಳವನ್ನು ದಡಕ್ಕೆ ಎಳೆದುಕೊಂಡರು.