ಅಮಾವಾಸ್ಯೆಯ ಕಾಯಿ, ಗಾಲಿಯ ನಟ್ಟು

ದೋರನಹಳ್ಳಿ ದಾಟಿದ ಮೇಲೆ ಪಂಕ್ಚರಾದ ಆಟೊವೊಂದು ನಿಂತಿತ್ತು. ಒಳಗೆ ಚಾಲಕನ ತಾಯಿ ಮಲಗಿದ್ದಳು. ಯಾದಗಿರಿಯಲ್ಲಿ ಆಕೆಗೆ ಡಯಾಲಿಸಿಸ್ ಆಗಬೇಕಿತ್ತು. ಸ್ಟೆಪ್ನಿ ಇತ್ತು, ಆದರೆ ಗಾಲಿಯ ಒಂದು ನಟ್ಟು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ನಾನು ಬೈಕ್ ನಿಲ್ಲಿಸಿದೆ.

"ಪ್ರತಿ ಅಮಾಸಿಗಿ ಇದೇ ಗಾಲಿ ಮ್ಯಾಲ ಕಾಯಿ ಒಡೀತೀನ್ರಿ. ಆದ್ರೂ ಹಿಂಗ್ಯಾಕ?" ಎಂದ ಚಾಲಕ.

ಕಾರಣ ನನಗೆ ಗೊತ್ತಿತ್ತು, ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ. ನಟ್ಟಿಗೆ ಡೀಸೆಲ್ ಬಿಟ್ಟು ಕಾದೆವು. ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ಇಬ್ಬರೂ ಒತ್ತಿದಾಗ ಅದು ಸಡಿಲಾಯಿತು.

ಆಮೇಲೆ ಹೇಳಿದೆ: "ಕಾಯಿ ನೀರಿಗೇ ತುಕ್ಕು ಹಿಡದದರಿ. ಮುಂದ ರೋಡಿನ ಮ್ಯಾಲ ಒಡೀರಿ."

"ಮನ್ಯಾಗ ಒಡಿಯಪ್ಪಾ," ಎಂದಳು ಒಳಗಿನಿಂದ ತಾಯಿ. "ಚಟ್ನಿ ಅರದು ಕೊಡ್ತೀನಿ, ನಾ ಇದ್ದರ."

ಮಗ ಸ್ಟೆಪ್ನಿ ಹಾಕಿ, ಆ ನಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದ.