ಬಳೆಗಾರ ಚಾಚಿಯ ಬಲಗೈ

ನಾನು ಪಾಠ ಹೇಳುವ ಶಿರಹಟ್ಟಿಯ ಶಾಲೆಯ ಕಪಾಟು ಖಾಲಿ ಮಾಡುವಾಗ ಗೋಡೆಗೆ ಹಾಕುವ ಹಳೇ ಪಟವೊಂದು ಸಿಕ್ಕಿತು. ಮನುಷ್ಯನ ದೇಹ. ರಕ್ತದ ನಾಳಗಳು ಕೆಂಪು, ನೀಲಿ. ದುಗ್ಧರಸದ ನಾಳಗಳು ಹಸಿರು. ಕಂಕುಳಲ್ಲಿ ಆ ಹಸಿರು ಗೆರೆಗಳೆಲ್ಲ ಸೇರಿ ಕಾಳುಕಾಳಾಗಿ ಗಂಟು ಕಟ್ಟಿಕೊಂಡಿದ್ದವು. ಅಲ್ಲಿ ಬೆರಳಿಟ್ಟೆ... ಮುಂಡರಗಿಯ ಬಳೆಗಾರ ಚಾಚಿ ನೆನಪಾದಳು.

ಬಸ್ ಸ್ಟ್ಯಾಂಡಿನ ಹಿಂದೆ ಅವಳ ಅಂಗಡಿ. ಪಕ್ಕದ್ದೇ ನಮ್ಮ ಮನೆ. ಸಂತೆ ಇಲ್ಲದ ದಿನ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಹಿರೇವಡ್ಡಟ್ಟಿಯವರೆಗೂ ಹೋಗುತ್ತಿದ್ದಳು. ಕೈ ಹಿಡಿದರೆ ಸಾಕು, ಅಳತೆ ಹೇಳುತ್ತಿದ್ದಳು. ಹೆಬ್ಬೆರಳಿನ ಬುಡವನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಬಳೆ ಯಾವಾಗ ದಾಟಿತೋ ತಿಳಿಯುತ್ತಿರಲಿಲ್ಲ. "ಕೈ ಸಡ್ಲ ಬಿಡವಾ, ಎಲುಬಿಗೆ ಹಟ ಕಲಿಸಬ್ಯಾಡ," ಅನ್ನುತ್ತಿದ್ದಳು. ಮೂಳೆಗಳ ಪಾಠ ನಾನು ಮೊದಲು ಕಲಿತದ್ದು ಅವಳ ಹತ್ತಿರವೇ. ಕಾಲೇಜಿನಲ್ಲಿ ಅವುಗಳ ಹೆಸರು ಗೊತ್ತಾಯಿತು, ಅಷ್ಟೆ.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ. ನಾನು ದಿನಾ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ಆ ವರ್ಷ ಚಾಚಿಯ ಬಲ ಎದೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯಲ್ಲಿ ಎದೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಗಾಯ ಮಾಯಿತು; ಆರು ತಿಂಗಳಿಗೆ ಬಲಗೈ ಬಾತುಕೊಂಡಿತು. ಅವಳ ಕೈಯಲ್ಲಿದ್ದ ಬಳೆಗಳನ್ನೇ ಕತ್ತರಿಸಿ ತೆಗೆಯಬೇಕಾಯಿತು.

ನಾನು ಪುಸ್ತಕ ಬಿಚ್ಚಿ ತೋರಿಸಿದ್ದೆ. "ರಕ್ತ ಅಲ್ಲದ ಇನ್ನೊಂದು ನೀರು ಮೈಯಾಗ ಹರೀತೈತಿ ಚಾಚಿ. ಅದನ್ನ ದೂಡಾಕ ಗುಂಡಿಗಿ ಇಲ್ಲ, ಕೈಕಾಲು ಆಡಿಸಿದ್ರ ಮುಂದ ಹೋಗತೈತಿ. ಕಂಕುಳಾಗಿನ ಗಂಟು ಅದನ್ನ ಸೋಸಿ ನಂಜು ತಡೀತಿದ್ವು. ನಿನಗ ಈಗ ಅವಿಲ್ಲ. ಈ ಕೈಗೆ ಒಂದು ಗೀರೂ ಆಗಬಾರದು."

ಚಾಚಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಗಾಜಿನ ದಂಧೆ ಮಾಡಾಕಿಗೆ ಛಲೋ ಹೇಳಿದಿ ನೋಡು," ಎಂದು ನಕ್ಕಳು. ಆದರೂ ನನ್ನ ಮಾತು ಕೇಳಿ ಅಂಗಡಿಯನ್ನು ಸೊಸೆಗೆ ಬಿಟ್ಟಳು. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು, ಬಂದುಹೋಗುವ ಹೆಂಗಸರ ಕೈಗಳನ್ನೇ ನೋಡುತ್ತ ಕೂತಿರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಬಳೆ ತೊಡಿಸುವ ದಿನ ಚಾಚಿ ತಾನೇ ಬಂದು ಎದುರಿಗೆ ಕೂತಳು. "ನೀ ಹುಟ್ಟಿದಾಗ ಕರಿಬಳಿ ಹಾಕಿದಾಕಿ ನಾನು. ಈ ಕೈ ಬ್ಯಾರೇದವ್ರಿಗೆ ಬಿಟ್ಟುಕೊಡಂಗಿಲ್ಲ." ಬೇಡ ಅನ್ನಬೇಕಿತ್ತು. ನಾನು ಮೊದಲಿನಿಂದ ಬಾಯಿಬಡಕಿ. ಆವತ್ತು ಮಾತ್ರ, ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ಕಂಡ ಕಳೆ ನೋಡಿ, ಸುಮ್ಮನೆ ಕೈ ಮುಂದೆ ಮಾಡಿದೆ.

ಏಳನೆಯದೋ ಎಂಟನೆಯದೋ ಬಳೆ... ಬಾತ ಬೆರಳುಗಳಿಗೆ ಮೊದಲಿನ ಹಿಡಿತ ಇರಲಿಲ್ಲ. ಟಕ್ ಎಂದಿತು. ಅವಳ ಹೆಬ್ಬೆರಳಿನಲ್ಲಿ ಒಂದು ಹನಿ ರಕ್ತ. ಬಳೆ ಒಡೆಯಿತು ಅನ್ನಬಾರದಲ್ಲ, "ಹೆಚ್ಚಾತು ಬಿಡ್ರಿ," ಎಂದರು ಸುತ್ತಲಿದ್ದ ಹೆಂಗಸರು. ಚಾಚಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಿನಗ ತಾಗಿಲ್ಲಲ್ಲ?" ಎಂದಳು. ಶಾಸ್ತ್ರದ ನಡುವೆ ಏಳಬಾರದೆಂದು ಅವ್ವ ನನ್ನ ಭುಜ ಒತ್ತಿದಳು. ನಾನು ಏಳಲಿಲ್ಲ. ತೊಳಕೋ ಚಾಚಿ, ದವಾಖಾನಿಗೆ ನಡಿ ಅನ್ನಲಿಲ್ಲ.

ಪಂಚಮಿಗೆ ಗಂಡನ ಮನೆಯಿಂದ ತವರಿಗೆ ಬಂದಾಗ ಚಾಚಿ ಇರಲಿಲ್ಲ. ಮದುವೆಯ ಮೂರನೇ ದಿನಕ್ಕೆ ಕೈ ಕೆಂಪಗೆ ಕಾದು, ಜ್ವರ ಏರಿ, ನಂಜು ಮೈಗೆಲ್ಲ ಹಬ್ಬಿತಂತೆ. ನನಗೆ ಯಾರೂ ಖಬರ ಕಳಿಸಿರಲಿಲ್ಲ. ಸೊಸೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಅತ್ತಿಯವರ ಬ್ಯಾಡ ಅಂದ್ರು. 'ಆ ಹುಡುಗಿಗೆ ಎಲ್ಲಾ ಗೊತ್ತೈತಿ. ನನ್ನ ಸುದ್ದಿ ಕೇಳಿದ್ರ ತನ್ನಿಂದನ ಆತಂತ ಬಳಿ ತಗದಿಟ್ಟಾಳು' ಅಂದ್ರು."

ಪಟವನ್ನು ತರಗತಿಯ ಗೋಡೆಗೆ ಹಾಕಿದ್ದೇನೆ. ಈ ಪಾಠ ಬಂದಾಗಲೆಲ್ಲ ನನ್ನ ದನಿ ಜೋರಾಗುತ್ತದೆ. ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲಿ. ಗೀರಾದರೆ ತೊಳೀರಿ, ಯಾರು ಕುಂಡ್ರು ಅಂದರೂ ಎದ್ದು ಹೇಳ್ರಿ ಅನ್ನುತ್ತೇನೆ. ಚಾಚಿ ತೊಡಿಸಿದ ಬಳೆಗಳಲ್ಲಿ ಒಂದೂ ಈಗ ಉಳಿದಿಲ್ಲ... ಬೇರೆ ಯಾರಾದರೂ ತೊಡಿಸುವಾಗ ನಾನು ಇಂದಿಗೂ ನೋಡುವುದು ಅವರ ಹೆಬ್ಬೆರಳನ್ನು.