ಸದ್ದಿಲ್ಲದ ವಿಜಯದಶಮಿ

ಕಣ್ಣು ಪೂರ್ತಿ ಹೋದ ಮೇಲೆ ನಮ್ಮ ತಾತ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದರು. ಚೆನ್ನೈನ ಮೈಲಾಪೂರಿನ ಆ ಹಳೆಯ ಫ್ಲಾಟಿನಲ್ಲಿ ಅವರ ಕೋಣೆಗೂ ಹಾಲಿಗೂ ನಡುವೆ ಒಂದು ಗೋಡೆಯಷ್ಟೇ. ಆದರೂ ಊಟ, ಕಾಫಿ, ರೇಡಿಯೋ ಎಲ್ಲ ಒಳಗೇ. ಯಾರಾದರೂ ಕೈ ಹಿಡಿಯಲು ಹೋದರೆ, “ನಾನೇನು ಕೂಸಾ? ಬಿಡು!” ಎಂದು ಸಿಡುಕುತ್ತಿದ್ದರು. ಅವರ ಮೂಗಿನ ತುದಿಯ ಕೋಪ ನನಗೂ ಬಂದಿದೆ, ಹಾಗಾಗಿ ನಾನೂ ಬಿಟ್ಟುಬಿಡುತ್ತಿದ್ದೆ.

ಅಂಥವರನ್ನು ಹಾಲಿಗೆ ಎಳೆದು ತಂದದ್ದು ಟಿವಿಗೆ ಸಿಕ್ಕಿಸಿ ಆಡುವ ಒಂದು ಗೇಮ್ ಪೆಟ್ಟಿಗೆ. ಕ್ರೋಂಪೇಟೆಯ ಕಾಲೇಜಿಗೆ ಲೋಕಲ್ ಟ್ರೈನಿನಲ್ಲಿ ಹೋಗಿಬರುತ್ತಿದ್ದ ತಂಗಿ ಅದನ್ನು ಸಹಪಾಠಿಯೊಬ್ಬಳಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಿದ್ದಳು, ಜೊತೆಗೆ ಕ್ರಿಕೆಟ್ಟಿನ ಒಂದೇ ಒಂದು ಡಿಸ್ಕು. ಸರಿಯಾಗಿ ಆಗಲೇ ನಮ್ಮ ಟಿವಿಯ ಪಿಕ್ಚರ್ ಟ್ಯೂಬ್ ಕೈಕೊಟ್ಟಿತ್ತು. ಆಡಿಟ್ ಆಫೀಸಿನವರು ನನಗೆ ಕೊಟ್ಟಿದ್ದ ಲ್ಯಾಪ್‌ಟಾಪೇ ನಮ್ಮ ಸ್ಟೇಡಿಯಂ ಆಯಿತು. ಗೇಮಿನ ಕೆಂಪು, ಬಿಳಿ, ಹಳದಿ ತಂತಿಗಳನ್ನು ಒಂದು ಪುಟ್ಟ ಡಬ್ಬಿಗೆ ಸಿಕ್ಕಿಸಬೇಕು. ಆ ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಚಿತ್ರಕ್ಕೊಂದು ತಂತಿ, ಸದ್ದಿಗೊಂದು ತಂತಿ. ಸದ್ದಿನ ತಂತಿ ಹೋಗುವುದು ಪಕ್ಕದಲ್ಲಿರುವ ಗುಂಡನೆಯ ತೂತಿಗೆ.

ಮೊದಲ ದಿನ ಕಾಮೆಂಟರಿ ಕೇಳಿಸಿದ್ದೇ ತಡ, ತಾತ ಗೋಡೆ ಸವರಿಕೊಂಡು ತಾವಾಗಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಆಮೇಲೆ ಪ್ರತಿ ಭಾನುವಾರ ಅವರೇ ಅಂಪೈರು. ಚೆಂಡು ಬ್ಯಾಟಿನ ಅಂಚಿಗೆ ತಗುಲಿತೋ ನಡುವಿಗೆ ತಗುಲಿತೋ ಸದ್ದಿನಲ್ಲೇ ಹೇಳುತ್ತಿದ್ದರು. ಕ್ಯಾಚ್ ಕೈಗೆ ಸೇರುವ ಮೊದಲೇ “ಔಟ್!” ಎಂದು ಕೂಗುತ್ತಿದ್ದರು. ಪಾಪದ ಕಾಮೆಂಟೇಟರಿಗೆ ಗೊತ್ತಿದ್ದದ್ದು ಬೆರಳೆಣಿಕೆಯ ವಾಕ್ಯಗಳು. ತಾತ ಅವೆಲ್ಲವನ್ನೂ ಬಾಯಿಪಾಠ ಮಾಡಿ, ಅವನಿಗಿಂತ ಮೊದಲು ಹೇಳಿ ಅವನ ಮಾನ ಕಳೆಯುತ್ತಿದ್ದರು. ಮನೆಯಲ್ಲಿ ಮತ್ತೆ ಜಗಳ, ನಗು, ಗಲಾಟೆ. ಎಷ್ಟು ಚೆನ್ನಾಗಿತ್ತು ಅಂತೀರಿ!

ಆ ವರ್ಷದ ಆಯುಧಪೂಜೆಗೆ ಅಮ್ಮ ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರದ ಜೊತೆ ಲ್ಯಾಪ್‌ಟಾಪು, ಗೇಮ್ ಪೆಟ್ಟಿಗೆ ಎರಡನ್ನೂ ದೇವರ ಮುಂದೆ ಇಟ್ಟಳು. ಪೂಜೆ ಮಾತ್ರ ತಾತನದೇ. ಕಣ್ಣು ಹೋದರೂ ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದೊಂದನ್ನೂ ಸವರಿ ನೋಡಿ, ಅದರ ಹಣೆ ಹುಡುಕಿ ಗಂಧ ಒತ್ತುತ್ತಿದ್ದರು. ಕತ್ತರಿಗೆ ನಡುವಿನ ತಿರುಪು ಹಣೆ, ಹೊಲಿಗೆ ಯಂತ್ರಕ್ಕೆ ಗಾಲಿಯ ಗುಬುಟು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ, ಪುನಃಪೂಜೆ ಆದ ಮೇಲೆ ದೊಡ್ಡ ಮ್ಯಾಚು ಎಂದು ತಾತನೇ ಸಾರಿದ್ದರು.

ಮರುದಿನ ತಾತ ಮಡಿಪಂಚೆಯಲ್ಲೇ ಬಂದು ಕುರ್ಚಿಯಲ್ಲಿ ಕೂತರು. ಚಿತ್ರ ಬಂತು, ಸದ್ದು ಬರಲಿಲ್ಲ.

“ಸೌಂಡೇ ವರಲಿಯೇ!” ಎಂದಳು ತಂಗಿ. ಸಿಟ್ಟು ಬಂದರೂ ಖುಷಿಯಾದರೂ ತಮಿಳಿಗೇ ಹಾರುವವಳು ಅವಳು.

“ನೀನು ಏನೋ ಒತ್ತಿರ್ತೀಯ,” ಎಂದು ನಾನು ರೇಗಿದೆ. ಸ್ಕ್ರೀನಿನ ಮೂಲೆಯ ಸ್ಪೀಕರ್ ಗುರುತು ತೆರೆದು ನೋಡಿದೆ, ಎಲ್ಲೂ ಮ್ಯೂಟ್ ಆಗಿರಲಿಲ್ಲ. ಲ್ಯಾಪ್‌ಟಾಪು ಆರಿಸಿ ಹೊತ್ತಿಸಿದೆ. ಕೆಂಪು, ಬಿಳಿ ಅದಲು ಬದಲು ಮಾಡಿದೆ. ಸದ್ದಿನ ತಂತಿಯನ್ನೇ ಬದಲಾಯಿಸಿದೆ. ತಂಗಿ ಡಿಸ್ಕನ್ನು ಸೆರಗಿಗೆ ಒರೆಸಿ ಹಾಕಿದಳು, ಅದೂ ಅಮ್ಮನ ಹೊಸ ಸೀರೆಯ ಸೆರಗು. ಅಮ್ಮ ಅವಳ ಬೆನ್ನಿಗೆ ಒಂದು ಕೊಟ್ಟಳು. ಆ ಏಟಿನ ಸದ್ದು ಮಾತ್ರ ಚೆನ್ನಾಗಿ ಬಂತು.

ತಾತ ಎದ್ದರು. “ಪರವಾಯಿಲ್ಲೆ. ನೀವು ಆಡ್ಕೊಳ್ಳಿ. ನಿಮಗೆ ಕಾಣತ್ತಲ್ಲ,” ಎಂದು ಗೋಡೆ ಸವರಿಕೊಂಡು ಕೋಣೆಗೆ ಹೋದರು. ಬಾಗಿಲು ಮುಂದಕ್ಕೆ ಹಾಕಿದ್ದು ಕೇಳಿಸಿತು. ಹಿಂದೆ ಹಾಗೆ ಒಳಗೆ ಸೇರಿದ್ದವರು ಮತ್ತೆ ಹೊರಗೆ ಬರಲು ತಿಂಗಳುಗಟ್ಟಲೆ ಹಿಡಿದಿತ್ತು.

ಪೆಟ್ಟಿಗೆಯೇ ಕೆಟ್ಟಿದೆಯೋ ಏನೋ ಎಂದು ಅದನ್ನು ಹೊತ್ತುಕೊಂಡು ಕೆಳಗಿನ ಮನೆಗೆ ಓಡಿದೆವು. ಅಲ್ಲಿನ ಮಾಮಿ ದಸರಾ ಗೊಂಬೆಗಳ ಗೋಲು ಮೆಟ್ಟಿಲಿನ ಪಕ್ಕದ ಟಿವಿಗೆ ಅದನ್ನು ಸಿಕ್ಕಿಸಲು ಬಿಟ್ಟರು. ಸಿಕ್ಕಿಸಿದ್ದೇ ಸ್ಟೇಡಿಯಮ್ಮಿನ ಜನವೆಲ್ಲ ಹೋ ಎಂದು ಕಿರುಚಿತು. ಮಾಮಿ ಬೆಚ್ಚಿಬಿದ್ದು, “ಅಯ್ಯಯ್ಯೋ, ಪೆರುಮಾಳೇ!” ಎಂದರು. ಆದರೂ ಕೈಗೆ ಕಡಲೆ ಉಸಲಿ, ಅವರ ಮಾತಿನ ಸುಂಡಲ್, ಕೊಡದೆ ಬಿಡಲಿಲ್ಲ. ಪೆಟ್ಟಿಗೆ ಸರಿಯಿತ್ತು. ಹಾಗಾದರೆ ತಪ್ಪು ನನ್ನ ಲ್ಯಾಪ್‌ಟಾಪಿನದೇ.

ಸುಂಡಲ್ ಮೆಲ್ಲುತ್ತ ಮೇಲೆ ಬಂದು ತಂತಿಯನ್ನು ಮತ್ತೆ ಚುಚ್ಚಿದಾಗ ತಂಗಿ ನನ್ನ ಕೈ ಹಿಡಿದಳು. “ಅಕ್ಕಾ, ಯಾವಾಗ್ಲೂ ಟಿಕ್ ಅನ್ನತ್ತಲ್ಲ. ಇವತ್ತು ಅನ್ನಲೇ ಇಲ್ಲ.” ನಿಜ. ತಂತಿಯ ಮೂತಿ ಪೂರ್ತಿ ಒಳಗೆ ಹೋಗದೆ ಒಂದಿಷ್ಟು ಹೊರಗೇ ನಿಂತಿತ್ತು. ಟಾರ್ಚು ಬಿಟ್ಟು ನೋಡಿದೆ. ತೂತಿನ ತುಂಬ ಒಣಗಿ ಗಟ್ಟಿಯಾದ ಗಂಧ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಕಥೆ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಾಯಿಗೆ ದುಪಟ್ಟಾ ತುರುಕಿಕೊಂಡು, ಲ್ಯಾಪ್‌ಟಾಪು ಆರಿಸಿ, ಹಲ್ಲುಕಡ್ಡಿಯಿಂದ ಪುಡಿಪುಡಿಯಾಗಿ ಗಂಧ ತೆಗೆದೆವು. ಮನೆಯೆಲ್ಲ ಘಮಘಮ. ತಂತಿ ಒತ್ತಿದೆ. ಟಿಕ್. ಗೇಮ್ ಶುರು ಮಾಡಿ ತಂಗಿ ಬ್ಯಾಟ್ ಬೀಸಿದ್ದೇ ತಡ, ಮುಚ್ಚಿದ ಬಾಗಿಲಿನ ಹಿಂದಿನಿಂದ ಕೂಗು ಬಂತು.

“ಎಡ್ಜು! ಔಟ್!”

ಔಟೇ ಆಗಿದ್ದಳು. ತಾತ ಗೋಡೆಯನ್ನೂ ಸರಿಯಾಗಿ ಸವರದೆ ಬಂದು ಕುರ್ಚಿಗೆ ಬಿದ್ದರು. ಕೂತವರೇ ಮೂಗು ಅರಳಿಸಿದರು. “ಇಷ್ಟು ಗಂಧದ ವಾಸನೆ ಎಲ್ಲಿಂದೇ?”

“ಹಬ್ಬ ಅಲ್ವಾ ತಾತ,” ಎಂದೆ. ಅವರನ್ನು ನೋಯಿಸುವ ಮನಸ್ಸಿರಲಿಲ್ಲ.

ಅವರು ನಂಬಲಿಲ್ಲ. ಕೈ ಚಾಚಿ ಲ್ಯಾಪ್‌ಟಾಪಿನ ಅಂಚನ್ನು ಸವರುತ್ತ ಹೋದರು. ಬೆರಳು ತಂತಿ ಸಿಕ್ಕಿಸಿದ ಜಾಗಕ್ಕೆ ಬಂದು ನಿಂತಿತು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಗುಂಡಗೆ ಸಿಕ್ತಲ್ಲ, ಹಣೆ ಅಂದ್ಕೊಂಡು ಒತ್ತಿಬಿಟ್ಟೆ,” ಎಂದರು ಮೆಲ್ಲಗೆ. “ಕಿವಿಯಾಗಿತ್ತಾ?”

“ಕಿವಿಯೇ ತಾತ.”

“ಪಾಪ, ಕಿವಿಗೆ ಗಂಧ ಮೆತ್ತಿದ್ರೆ ಅದಕ್ಕೆ ಹೇಗೇ ಕೇಳ್ಸತ್ತೆ?” ಎಂದವರೇ ನಗಲು ಶುರು ಮಾಡಿದರು. ಭುಜ ಕುಣಿಸಿ, ಕೆಮ್ಮು ಬಂದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಡುಗೆಮನೆಯಿಂದ ಬಂದ ಅಮ್ಮನಿಗೆ ಯಾಕೆಂದು ಹೇಳಲು ನಮ್ಮಲ್ಲಿ ಯಾರಿಗೂ ಉಸಿರು ಉಳಿದಿರಲಿಲ್ಲ. ಆ ಹಬ್ಬದಷ್ಟು ನಾನು ಇನ್ಯಾವ ಹಬ್ಬದಲ್ಲೂ ನಕ್ಕ ನೆನಪಿಲ್ಲ.

ಮುಂದಿನ ಆಯುಧಪೂಜೆಗೆ ತಾತ ಎಂದಿನಂತೆ ಗಂಧ ತೇದು, ಕತ್ತರಿ ಮುಗಿಸಿ, ಹೊಲಿಗೆ ಯಂತ್ರ ಮುಗಿಸಿ, ಲ್ಯಾಪ್‌ಟಾಪಿನ ಮುಂದೆ ತಡೆದರು. ಗಂಧದ ಬೆರಳನ್ನು ಮೇಲೆತ್ತಿಕೊಂಡು ನಾನಿದ್ದ ಕಡೆಗೆ ತಿರುಗಿದರು.

“ಬಾರೇ, ಕೈ ಹಿಡ್ಕೋ. ಇದರ ಹಣೆ ಎಲ್ಲಿ, ತೋರ್ಸು.”

ನಾನು ಅವರ ಕೈ ಹಿಡಿದುಕೊಂಡೆ.